ಡಂಗುರ ಹೊಡೆದವರು ಯಾರು? ಹಾಡ್ಜ್‌ಕಿನ್ ಲಿಂಫೋಮಾ ಜೊತೆ ಹದಿನಾರು ತಿಂಗಳು

2025ರ ಡಿಸೆಂಬರಿನ ಮೊದಲ ವಾರ ಕೊನೆಯ ಪೆಟ್ ಸ್ಕ್ಯಾನಿನ ವರದಿ ಕೈಗೆ ಬಂತು. ರೋಗ ಎಲ್ಲಿಯೂ ಕಾಣುತ್ತಿಲ್ಲ ಎಂದು ಅದರಲ್ಲಿ ಬರೆದಿದೆ. ಆ ಹಾಳೆಯನ್ನು ನಾಲ್ಕು ಸಲ ಓದಿ, ಫೈಲಿಗೆ ಸೇರಿಸಿ, ಇದನ್ನು ಬರೆಯಲು ಕುಳಿತಿದ್ದೇನೆ. ನಾನು ಕೊಪ್ಪಳ ಜಿಲ್ಲೆಯ ಕಾರಟಗಿಯವನು. ಇಲ್ಲಿಯ ರೈಸ್ ಮಿಲ್ ಒಂದರಲ್ಲಿ ಲೆಕ್ಕ ಬರೆಯುತ್ತೇನೆ. ವಯಸ್ಸು 34. ಹೆಂಡತಿ, ಐದು ವರ್ಷದ ಮಗಳು, ಅವ್ವ, ಇಷ್ಟು ನಮ್ಮ ಮನೆ. ನನ್ನ ಕಾಯಿಲೆ ಹಾಡ್ಜ್‌ಕಿನ್ ಲಿಂಫೋಮಾ, ದುಗ್ಧಗ್ರಂಥಿಗಳಲ್ಲಿ ಹುಟ್ಟುವ ಒಂದು ಬಗೆಯ ಕ್ಯಾನ್ಸರ್. ಅದು ಏನೆಂದು ತಿಳಿಯಲು ನನಗೆ ಏಳು ತಿಂಗಳಿಗಿಂತ ಹೆಚ್ಚು ಹಿಡಿಯಿತು. ತಿಳಿದ ಮೇಲೆ ಚಿಕಿತ್ಸೆ ಮುಗಿಯಲು ಆರು ತಿಂಗಳು. ಮೊದಲಿನ ಏಳು ತಿಂಗಳನ್ನು ಇನ್ನೊಬ್ಬರು ನನ್ನ ಹಾಗೆ ಕಳೆಯಬಾರದು ಎಂಬುದಕ್ಕಾಗಿಯೇ ಇಷ್ಟು ವಿವರ.

ಶುರುವಾದದ್ದು 2024ರ ಆಗಸ್ಟಿನಲ್ಲಿ. ತುಂಗಭದ್ರಾ ಅಣೆಕಟ್ಟಿನ 19ನೇ ಗೇಟ್ ಕೊಚ್ಚಿಹೋಗಿ, ಎಡದಂಡೆ ಕಾಲುವೆಗೆ ನೀರು ಉಳಿಯುತ್ತದೋ ಇಲ್ಲವೋ ಎಂದು ನಮ್ಮ ಕಡೆಯವರೆಲ್ಲ ಕಂಗಾಲಾಗಿದ್ದ ದಿನಗಳು ಅವು. ನನಗೆ ಮೊಳಕಾಲಿನಿಂದ ಕೆಳಗೆ ತುರಿಕೆ. ಗುಳ್ಳೆ ಇಲ್ಲ, ದದ್ದು ಇಲ್ಲ, ಬರೀ ತುರಿಕೆ. ಬಿಸಿನೀರು ಹಾಕಿಕೊಂಡರೆ ಇನ್ನೂ ಹೆಚ್ಚು. ರಾತ್ರಿ ಕೆರೆದು ಕೆರೆದು ಹಾಸಿಗೆಯ ಮೇಲೆ ರಕ್ತದ ಕಲೆ. ಮಿಲ್ಲಿನಲ್ಲಿ ಭತ್ತದ ಧೂಳು, ಹೊಟ್ಟು, ಬೂದಿ ಇದ್ದದ್ದೇ. ಅದರ ಅಲರ್ಜಿ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ರಕ್ತ ಪರೀಕ್ಷೆ ಮಾಡಿಸಿದಾಗ ಇಸಿನೋಫಿಲ್ ಎಂಬ ಬಿಳಿ ರಕ್ತಕಣ 14%, ಇರಬೇಕಾದದ್ದಕ್ಕಿಂತ ಹೆಚ್ಚು ಇತ್ತು. ಹೊಟ್ಟೆಯ ಹುಳುವಿನಿಂದ ಇರಬಹುದು ಎಂದು ಜಂತುಹುಳುವಿನ ಗುಳಿಗೆ ಕೊಟ್ಟರು. ನಂತರ ಕಜ್ಜಿಯ ಅನುಮಾನ ಬಂದು ಮನೆಯವರೆಲ್ಲ ಮೈಗೆ ಮುಲಾಮು ಹಚ್ಚಿಕೊಂಡರು. ತುರಿಕೆ ಹಾಗೆಯೇ ಉಳಿಯಿತು.

ದೀಪಾವಳಿ ಕಳೆದ ಮೇಲೆ ಜ್ವರ ಶುರುವಾಯಿತು. ಬೆಳಿಗ್ಗೆ ಇರುತ್ತಿರಲಿಲ್ಲ, ಸಂಜೆ ಆರರ ನಂತರ ಮೈ ಕಾಯುತ್ತಿತ್ತು, ರಾತ್ರಿ ಎರಡು ಮೂರು ಗಂಟೆಗೆ ಬೆವರಿನೊಂದಿಗೆ ಇಳಿಯುತ್ತಿತ್ತು. ಆ ಬೆವರಿನ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ವೈದ್ಯರ ಮುಂದೆ ‘ಬೆವರುತ್ತದೆ’ ಎಂದಷ್ಟೇ ಹೇಳಿ ನಾನು ಕೆಟ್ಟಿದ್ದೇನೆ. ನಮ್ಮ ಸೀಮೆಯಲ್ಲಿ ಬೆವರುವುದು ಯಾರಿಗೂ ಹೊಸದಲ್ಲ. ಆದರೆ ಇದು ಡಿಸೆಂಬರಿನ ಚಳಿ, ಫ್ಯಾನ್ ಕೂಡ ಬಂದ್. ಬನಿಯನ್ ಬಿಚ್ಚಿ ಹಿಂಡಿದರೆ ನೀರು ತೊಟ್ಟಿಕ್ಕುತ್ತಿತ್ತು. ದಿಂಬಿನ ಹತ್ತಿ ಒದ್ದೆಯಾಗಿ ಗಂಟುಗಟ್ಟುತ್ತಿತ್ತು. ಹೆಂಡತಿ ಎದ್ದು ಚಾದರ ಬದಲಿಸಿ, ಒಣ ಟವೆಲ್ ಹಾಸಿ, ಗೋಡೆಯ ಮೇಲಿದ್ದ ಗೊಬ್ಬರದ ಅಂಗಡಿಯ ಕ್ಯಾಲೆಂಡರಿನಲ್ಲಿ ಆ ತಾರೀಖಿನ ಕೆಳಗೆ ಪೆನ್ನಿನಿಂದ ಒಂದು ಚುಕ್ಕೆ ಇಡುತ್ತಿದ್ದಳು. ಚಾದರ ಬದಲಿಸಬೇಕಾದ ರಾತ್ರಿಗೆ ಚುಕ್ಕೆ, ಎರಡು ಸಲ ಬದಲಿಸಿದರೆ ಎರಡು ಚುಕ್ಕೆ. ಏಕೆ ಎಂದು ಕೇಳಿದರೆ, “ಡಾಕ್ಟರು ಎಷ್ಟು ದಿನದಿಂದ ಎಂದು ಕೇಳಿದರೆ ನಿಮಗೆ ನೆನಪಿರುವುದಿಲ್ಲ” ಎಂದಳು.

ಜುಲೈನಲ್ಲಿ 68 ಕಿಲೋ ಇದ್ದವನು ಡಿಸೆಂಬರಿಗೆ 60ಕ್ಕೆ ಇಳಿದಿದ್ದೆ. ಮಿಲ್ಲಿನ ತೂಕದ ಯಂತ್ರದಲ್ಲೇ ನೋಡಿಕೊಂಡದ್ದು. ಅಷ್ಟರಲ್ಲಿ ಕುತ್ತಿಗೆಯ ಎಡಗಡೆ, ಕಾಲರ್ ಮೂಳೆಯ ಮೇಲೆ, ನೆಲ್ಲಿಕಾಯಿ ಗಾತ್ರದ ಗಂಟು ಕೈಗೆ ಸಿಕ್ಕಿತು. ನೋವಿಲ್ಲ. ಒತ್ತಿದರೆ ರಬ್ಬರಿನ ಹಾಗೆ. ಪಕ್ಕದ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ವರದಿಯಲ್ಲಿ ‘ಗ್ರಾನ್ಯುಲೋಮಾ ತರಹದ ಉರಿಯೂತ’ ಎಂದಿತ್ತು, ಎಂದರೆ ರೋಗನಿರೋಧಕ ಕಣಗಳು ಗುಂಪುಗಟ್ಟಿದ ಉರಿಯೂತ, ಕ್ಷಯದಲ್ಲಿ ಹೆಚ್ಚಾಗಿ ಕಾಣುವಂಥದ್ದು. ಸಂಜೆಯ ಜ್ವರ, ರಾತ್ರಿಯ ಬೆವರು, ತೂಕ ಇಳಿಕೆ, ಕುತ್ತಿಗೆಯ ಗಂಟು ನಾಲ್ಕೂ ಸೇರಿದಾಗ ನಮ್ಮ ಭಾಗದಲ್ಲಿ ಮೊದಲು ನೆನಪಾಗುವುದು ಕ್ಷಯವೇ. ಆ ವೈದ್ಯರ ಊಹೆ ಅಸಹಜವಲ್ಲ. ಆದರೆ ಕ್ಷಯದ ರೋಗಾಣು ಸೂಜಿಯ ಮಾದರಿಯಲ್ಲಿ ಸಿಕ್ಕಿರಲಿಲ್ಲ, ಸಿಬಿನ್ಯಾಟ್ ಪರೀಕ್ಷೆಯಲ್ಲೂ ಸಿಗಲಿಲ್ಲ. ಇಲ್ಲಿ ನಿಂತು ಯೋಚಿಸಬೇಕಿತ್ತು. ಯಾರೂ ನಿಲ್ಲಲಿಲ್ಲ.

ಡಿಸೆಂಬರಿನ ಕೊನೆಗೆ ಕ್ಷಯದ ಗುಳಿಗೆ ಶುರುವಾಯಿತು. ಸರ್ಕಾರದಿಂದ ಪುಕ್ಕಟೆ ಔಷಧ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಖಾತೆಗೆ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿತು. ಮಗಳನ್ನು ಹತ್ತಿರ ಮಲಗಿಸಿಕೊಳ್ಳಲಿಲ್ಲ, ನನ್ನ ತಟ್ಟೆ ಲೋಟ ಬೇರೆ ಇಟ್ಟೆವು. ಜನವರಿಯಲ್ಲಿ ಗವಿಮಠದ ಜಾತ್ರೆಗೆ ಮನೆಯವರನ್ನು ಕಳಿಸಿ ನಾನು ಒಬ್ಬನೇ ಉಳಿದೆ. ಅವ್ವ ಹುಲಿಗಿಗೆ ಹೋಗಿ ಹುಲಿಗೆಮ್ಮನಿಗೆ ಹರಕೆ ಹೊತ್ತು ಬಂದಳು. ಹಿಮೋಗ್ಲೋಬಿನ್ 9.2 ಇತ್ತೆಂದು ದಿನಾ ಬೀಟ್‌ರೂಟ್, ಖರ್ಜೂರ, ಕಬ್ಬಿಣಾಂಶದ ಗುಳಿಗೆ. ಒಂದು ಅಂಕವೂ ಏರಲಿಲ್ಲ. ಕ್ಯಾಲೆಂಡರಿನ ಹೊಸ ಹಾಳೆಗಳಲ್ಲಿ ಚುಕ್ಕೆಗಳು ಕಡಿಮೆಯಾಗಲಿಲ್ಲ.

ಫೆಬ್ರುವರಿಯಲ್ಲಿ ತುರಿಕೆ ತಾಳಲಾರದೆ ಇನ್ನೊಬ್ಬ ವೈದ್ಯರ ಬಳಿ ಹೋದೆ. ಅವರು ಕೊಟ್ಟ ಸಣ್ಣ ಬಿಳಿ ಗುಳಿಗೆ ಎರಡೇ ದಿನದಲ್ಲಿ ಪವಾಡ ಮಾಡಿತು. ಜ್ವರ ನಿಂತಿತು, ಗಂಟು ಕುಗ್ಗಿತು, ಹೊಟ್ಟೆ ತುಂಬ ಉಂಡೆ. ಒಂಬತ್ತು ದಿನಕ್ಕೆ ಗುಳಿಗೆ ಮುಗಿಯಿತು, ಹನ್ನೆರಡನೆಯ ದಿನ ಜ್ವರ ಮರಳಿತು. ಅದು ಸ್ಟೀರಾಯ್ಡ್ ಎಂದು ಆಮೇಲೆ ತಿಳಿಯಿತು. ಲಿಂಫೋಮಾ ಕೋಶಗಳನ್ನು ಸ್ಟೀರಾಯ್ಡ್ ತಾತ್ಕಾಲಿಕವಾಗಿ ಅಡಗಿಸುತ್ತದೆ, ಆ ಸಮಯದಲ್ಲಿ ಗಂಟನ್ನು ತೆಗೆದು ಪರೀಕ್ಷಿಸಿದರೆ ರೋಗ ಸರಿಯಾಗಿ ಕಾಣದೇ ಹೋಗಬಹುದು. ಕಾರಣ ಗೊತ್ತಿಲ್ಲದ ಗಂಟು ಮೈಮೇಲಿದ್ದರೆ, ಬಯಾಪ್ಸಿ ಆಗುವವರೆಗೆ ಸ್ಟೀರಾಯ್ಡ್ ಬೇಡ ಎಂದು ವೈದ್ಯರನ್ನು ಕೇಳಿಕೊಳ್ಳಿ. ಈಗಾಗಲೇ ನುಂಗಿದ್ದರೆ ಶಸ್ತ್ರಚಿಕಿತ್ಸೆ ಮಾಡುವವರಿಗೆ ತಾರೀಖಿನ ಸಮೇತ ಹೇಳಿ.

ನನ್ನನ್ನು ದಾರಿಗೆ ಹಚ್ಚಿದವರು ದೊಡ್ಡ ತಜ್ಞರಲ್ಲ, ಕ್ಷಯ ವಿಭಾಗದ ಒಬ್ಬ ಆರೋಗ್ಯ ಕಾರ್ಯಕರ್ತರು. ಎರಡು ತಿಂಗಳು ಮುಗಿದಾಗ ಗುಳಿಗೆ ಬದಲಿಸಲು ತೂಕ ನೋಡಿದರು. 58. ಕಾರ್ಡಿನಲ್ಲಿ ಹಿಂದಿನ ಅಂಕಿ ನೋಡಿದರು, ಮತ್ತೆ ನನ್ನನ್ನು ಯಂತ್ರದ ಮೇಲೆ ನಿಲ್ಲಿಸಿದರು. “ಅಣ್ಣಾ, ಇದು ಕ್ಷಯವೇ ಆಗಿದ್ದರೆ ಇಷ್ಟು ಹೊತ್ತಿಗೆ ತೂಕ ಏರಬೇಕಿತ್ತು. ಸೂಜಿ ಪರೀಕ್ಷೆ ಸಾಲದು, ಬಳ್ಳಾರಿಗೆ ಹೋಗಿ ಗಂಟನ್ನು ಪೂರ್ತಿ ತೆಗೆಸಿ ನೋಡಿಸಿರಿ” ಎಂದರು. ಅವರ ಋಣ ನನ್ನ ಮೇಲಿದೆ. ಕ್ಷಯದ ಔಷಧವನ್ನು ನನ್ನಷ್ಟಕ್ಕೆ ನಾನು ನಿಲ್ಲಿಸಲಿಲ್ಲ. ಬಯಾಪ್ಸಿ ವರದಿ ಬಂದ ಮೇಲೆ ವೈದ್ಯರೇ ಬರೆದು ನಿಲ್ಲಿಸಿದರು. ನೀವೂ ಹಾಗೆಯೇ ಮಾಡಿ.

ಮಾರ್ಚಿನಲ್ಲಿ ಬಳ್ಳಾರಿಯಲ್ಲಿ ಗಂಟು ತೆಗೆದರು. ಕುತ್ತಿಗೆಗೆ ಮಾತ್ರ ಮರಗಟ್ಟುವ ಇಂಜೆಕ್ಷನ್, ಮುಕ್ಕಾಲು ಗಂಟೆಯ ಕೆಲಸ, ಸಂಜೆಗೆ ಮನೆ. ಸ್ಟೀರಾಯ್ಡ್ ನಿಲ್ಲಿಸಿ ಮೂರು ವಾರಕ್ಕಿಂತ ಹೆಚ್ಚಾಗಲಿ ಎಂದು ಕಾಯಿಸಿದ್ದರು. ಶಸ್ತ್ರಚಿಕಿತ್ಸಕರು ಗಂಟನ್ನು ಎರಡು ಭಾಗ ಮಾಡಿ ಎರಡು ಡಬ್ಬಿಗಳಲ್ಲಿ ಹಾಕಿದರು. ದೊಡ್ಡ ಭಾಗ ಫಾರ್ಮಲಿನ್ ದ್ರಾವಣದಲ್ಲಿ, ಕೋಶಗಳ ಪರೀಕ್ಷೆಗೆ. ಚಿಕ್ಕದು ಬರೀ ಸಲೈನ್ ನೀರಿನಲ್ಲಿ, ಕ್ಷಯದ ರೋಗಾಣು ಬೆಳೆಸಿ ನೋಡುವುದಕ್ಕೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿಬಿಟ್ಟರೆ ರೋಗಾಣು ಸತ್ತು ಎರಡನೆಯ ಪರೀಕ್ಷೆಗೆ ಅವಕಾಶವೇ ಇರುವುದಿಲ್ಲ. ಶಸ್ತ್ರಚಿಕಿತ್ಸೆಗೆ ಮೊದಲೇ ಇದನ್ನು ಕೇಳಿ ಖಚಿತಪಡಿಸಿಕೊಳ್ಳಿ. ಡಬ್ಬಿಯ ಮೇಲೆ ಹೆಸರು, ವಯಸ್ಸು, ಯಾವ ಕಡೆಯ ಗಂಟು ಎಂಬುದು ಸರಿಯಾಗಿದೆಯೇ ಎಂದು ಮನೆಯವರೊಬ್ಬರು ಓದಿ ನೋಡಲಿ.

ಮೊದಲ ವರದಿ ಒಂದು ವಾರದಲ್ಲಿ ಬಂತು. ಹಾಡ್ಜ್‌ಕಿನ್ ಲಿಂಫೋಮಾ ಇರಬಹುದು, ಇಮ್ಯುನೊ ಪರೀಕ್ಷೆಯಿಂದ ಖಚಿತಪಡಿಸಬೇಕು. ಅದಕ್ಕೆ ಮಾದರಿಯನ್ನು ಹೊರಗೆ ಕಳಿಸಿ ಮತ್ತೆ ಹದಿನೆಂಟು ದಿನ. ಕೋಶಗಳ ಮೇಲೆ ಸಿಡಿ30, ಸಿಡಿ15 ಎಂಬ ಗುರುತುಗಳಿವೆಯೇ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆ ಅದು. ನನಗೆ 7,500 ರೂಪಾಯಿ ಬಿತ್ತು. ಆ ಹದಿನೆಂಟು ದಿನಗಳನ್ನು ಹೇಗೆ ಕಳೆದೆನೆಂದು ಬರೆಯಲು ಈಗಲೂ ಕೈ ಏಳುವುದಿಲ್ಲ.

ವರದಿ ತರಲು ಹೋದಾಗ ಪ್ರಯೋಗಾಲಯದ ವೈದ್ಯೆ ನನ್ನ ಮುಖ ನೋಡಿ ಏನೆನ್ನಿಸಿತೋ, “ನೋಡುತ್ತೀರಾ?” ಎಂದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು. ಗುಲಾಬಿ, ನೇರಳೆ ಬಣ್ಣದ ಚುಕ್ಕೆಗಳು ಸಂತೆಯ ಹಾಗೆ ಇಡೀ ವೃತ್ತ ತುಂಬಿದ್ದವು. ಅವರು ಗಾಜನ್ನು ಸ್ವಲ್ಪ ಸರಿಸಿದರು. ನಡುವೆ ಒಂದು ಕೋಶ, ಉಳಿದವಕ್ಕಿಂತ ನಾಲ್ಕೈದು ಪಟ್ಟು ದೊಡ್ಡದು. ಒಳಗೆ ಎರಡು ದುಂಡನೆಯ ಬೀಜಗಳು, ಪ್ರತಿಯೊಂದರ ನಡುವೆ ಕೆಂಪು ಬೊಟ್ಟು. ರಾತ್ರಿ ಮರದ ಪೊಟರೆಯಿಂದ ಗೂಬೆ ನೋಡಿದ ಹಾಗೆ ಅದು ನನ್ನನ್ನು ನೋಡುತ್ತಿತ್ತು. “ಇದು ರೀಡ್–ಸ್ಟರ್ನ್‌ಬರ್ಗ್ ಕೋಶ. ಕ್ಯಾನ್ಸರ್ ಇದೊಂದೇ. ಸುತ್ತಲೂ ಕಾಣುವ ಉಳಿದವರೆಲ್ಲ ನಿಮ್ಮವರೇ, ರೋಗದ ವಿರುದ್ಧ ಕಾಯುವ ಕಣಗಳು” ಎಂದರು. ಇಡೀ ಗಂಟಿನಲ್ಲಿ ಇಂಥ ಕೋಶಗಳು ನೂರಕ್ಕೆ ಒಂದೆರಡು ಇರುತ್ತವಂತೆ. ಹಾಗಾದರೆ ನನ್ನ ಕುತ್ತಿಗೆಯ ಗಂಟು ಬಹುಪಾಲು ನನ್ನದೇ ಸೈನ್ಯ. ಕಾಯುವವರು ಇಷ್ಟು ಮಂದಿ ಸೇರಿದ್ದರೂ ಆ ಒಂದನ್ನು ಏಕೆ ಕೊಲ್ಲಲಿಲ್ಲ? ಸೂಜಿಯ ಪರೀಕ್ಷೆ ಏಕೆ ಸೋತಿತು ಎಂಬುದಂತೂ ಅಲ್ಲಿಯೇ ಅರ್ಥವಾಯಿತು. ಸೂಜಿ ಜನಜಂಗುಳಿಯಿಂದ ನಾಲ್ಕು ಜನರನ್ನು ಎಳೆದು ತಂದಿತ್ತು. ಗೂಬೆ ಅದರಲ್ಲಿ ಇರಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಏಪ್ರಿಲಿನಲ್ಲಿ, ಬೆಂಗಳೂರಿನಲ್ಲಿ. ಹೊಸಪೇಟೆಯಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಳಿಗ್ಗೆ ಇಳಿದು, ನೋಂದಣಿಯ ಸಾಲಿನಲ್ಲಿ ನಿಂತು, ವೈದ್ಯರ ಮುಂದೆ ಕೂರುವಾಗ ಮಧ್ಯಾಹ್ನ ಎರಡೂವರೆ. ಹೆಂಡತಿ ನನ್ನ ವರದಿಗಳ ಜೊತೆ ಸುತ್ತಿಟ್ಟುಕೊಂಡು ಬಂದಿದ್ದ ಕ್ಯಾಲೆಂಡರನ್ನು ಸಂಕೋಚದಿಂದಲೇ ಮೇಜಿನ ಮೇಲೆ ಇಟ್ಟಳು. ಆ ವೈದ್ಯರು ಮೊದಲು ಬಿಡಿಸಿದ್ದು ಅದನ್ನೇ. ನವೆಂಬರಿನಿಂದ ಏಪ್ರಿಲಿನವರೆಗೆ ಹಾಳೆ ತಿರುವಿ, “ಇದನ್ನು ಇಟ್ಟವರು ಯಾರು?” ಎಂದು ಕೇಳಿ, ಫೈಲಿನ ಮೊದಲ ಪುಟದಲ್ಲಿ ‘ಬಿ’ ಎಂದು ಬರೆದು ಸುತ್ತು ಹಾಕಿದರು. 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಬಟ್ಟೆ ತೊಯ್ಯಿಸುವ ರಾತ್ರಿಯ ಬೆವರು, ಆರು ತಿಂಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ತೂಕ ಇಳಿಕೆ, ಇವುಗಳಲ್ಲಿ ಒಂದಿದ್ದರೂ ಹಂತದ ಮುಂದೆ ‘ಬಿ’ ಸೇರುತ್ತದೆ. ನನಗೆ ಮೂರೂ ಇದ್ದವು.

ನಾನು ಕೇಳಿದೆ: “ಸರ್, ಸೋಂಕೇ ಇಲ್ಲವೆಂದ ಮೇಲೆ ಜ್ವರ ಎಲ್ಲಿಂದ ಬಂತು?”

ಅವರು ಮೂಲತಃ ನಮ್ಮ ಕಡೆಯವರೇ. “ನಿಮ್ಮ ಊರಿನಲ್ಲಿ ಡಂಗುರ ಹೊಡೆಯುತ್ತಿದ್ದುದು ನೆನಪಿದೆಯೇ?” ಎಂದರು. ಮೈಯ ರೋಗನಿರೋಧಕ ಕಣಗಳಿಗೂ ಡಂಗುರ ಇದೆ. ಸೈಟೊಕೈನ್‌ಗಳೆಂಬ ಸಣ್ಣ ಪ್ರೋಟೀನುಗಳು ಅವು. ಒಂದು ಕಣ ಅವನ್ನು ಹೊರಗೆ ಬಿಡುತ್ತದೆ, ಇನ್ನೊಂದು ಕಣ ಕೇಳಿಸಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಒಂದು ಸಂದೇಶ ‘ಇಲ್ಲಿಗೆ ಬನ್ನಿ’ ಎನ್ನುತ್ತದೆ, ಇನ್ನೊಂದು ‘ಸಂಖ್ಯೆ ಹೆಚ್ಚಿಸಿಕೊಳ್ಳಿ’, ಮತ್ತೊಂದು ‘ಮೈ ಬಿಸಿ ಮಾಡಿ’. ಕ್ಷಯದಲ್ಲಿ ರೋಗಾಣುವನ್ನು ಕಂಡ ನಮ್ಮ ಕಣಗಳು ಈ ಡಂಗುರ ಹೊಡೆಯುತ್ತವೆ. ಹಾಡ್ಜ್‌ಕಿನ್‌ನಲ್ಲಿ ಗೂಬೆ ಕಣ್ಣಿನ ಕೋಶವೇ ಡಂಗುರವನ್ನು ಕೈಗೆ ತೆಗೆದುಕೊಂಡಿರುತ್ತದೆ. ಅದನ್ನು ಕೇಳಿ ಬಂದು ಸೇರಿದ ಕಣಗಳೂ ತಮ್ಮ ಪಾಲಿನದನ್ನು ಬಾರಿಸುತ್ತವೆ. ಸದ್ದು ಒಂದೇ ಆದ್ದರಿಂದ ಜ್ವರವೂ ಬೆವರೂ ಒಂದೇ ಬಗೆ.

ಆಮೇಲೆ ನನ್ನ ಹಳೆಯ ವರದಿಗಳನ್ನು ಒಂದೊಂದಾಗಿ ತೆಗೆದು ತೋರಿಸಿದರು. ಇಂಟರ್‌ಲ್ಯೂಕಿನ್–1, ಇಂಟರ್‌ಲ್ಯೂಕಿನ್–6, ಟಿಎನ್‌ಎಫ್ ಎಂಬ ಸೈಟೊಕೈನ್‌ಗಳು ರಕ್ತದಲ್ಲಿ ಹರಿದು ಮಿದುಳಿನ ತಾಪ ನಿಯಂತ್ರಿಸುವ ಭಾಗವನ್ನು ಮುಟ್ಟುತ್ತವೆ. ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹುಟ್ಟಿ ಮೈಯ ತಾಪ ಮೇಲಕ್ಕೆ ಹೋಗುತ್ತದೆ. ಇಳಿಯುವಾಗ ಬೆವರು ಹರಿಯುತ್ತದೆ. ಇಂಟರ್‌ಲ್ಯೂಕಿನ್–6 ಯಕೃತ್ತಿಗೂ ಹೋಗಿ ಅಲ್ಲಿ ಕೆಲವು ಪ್ರೋಟೀನುಗಳನ್ನು ಹೆಚ್ಚಿಸುತ್ತದೆ, ಆದ್ದರಿಂದಲೇ ಉರಿಯೂತದ ಮಟ್ಟ ಹೇಳುವ ರಕ್ತ ಪರೀಕ್ಷೆ ಇಎಸ್‌ಆರ್ ನನಗೆ 98ಕ್ಕೆ ಏರಿತ್ತು. ಅದೇ ಯಕೃತ್ತಿನಲ್ಲಿ ಹೆಪ್ಸಿಡಿನ್ ಎಂಬುದನ್ನೂ ಹೆಚ್ಚಿಸುತ್ತದೆ, ಅದು ಕಬ್ಬಿಣಾಂಶವನ್ನು ಉಗ್ರಾಣದಲ್ಲಿಟ್ಟು ಬೀಗ ಹಾಕುತ್ತದೆ. ಅವ್ವ ಅಷ್ಟು ತಿಂಗಳು ತಿನ್ನಿಸಿದ ಖರ್ಜೂರ ಏಕೆ ರಕ್ತವಾಗಲಿಲ್ಲ ಎಂಬುದು ಆ ಕ್ಷಣ ತಿಳಿಯಿತು. ಇಂಟರ್‌ಲ್ಯೂಕಿನ್–5 ಇಸಿನೋಫಿಲ್‌ಗಳನ್ನು ಬೆಳೆಸಿ ಕರೆತರುತ್ತದೆ. ಹುಳುವಿನ ಗುಳಿಗೆ ನುಂಗಿಸಿದ ಆ 14%ರ ಹಿಂದೆ ಇದ್ದದ್ದೂ ಅದೇ ಸದ್ದು. ಟಾರ್ಕ್ ಎಂಬ ಇನ್ನೊಂದು ಪ್ರೋಟೀನು ರೋಗದ ವಿರುದ್ಧ ಕಾಯುವ ಟಿ ಕಣಗಳನ್ನು ಗಂಟಿನತ್ತ ಎಳೆಯುತ್ತದೆ.

“ಇಷ್ಟು ಜನ ಬಂದು ಸುಮ್ಮನೆ ನಿಂತದ್ದೇಕೆ?” ಎಂದು ಹೆಂಡತಿ ಕೇಳಿದಳು. ಕರೆಯುವ ಕೋಶವೇ ಸುಮ್ಮನಾಗಿಸುವ ಸಂದೇಶಗಳನ್ನೂ ಬಿಡುತ್ತದೆಯಂತೆ. ಇಂಟರ್‌ಲ್ಯೂಕಿನ್–10 ಅಂಥದ್ದು. ಜೊತೆಗೆ ತನ್ನ ಮೈಮೇಲೆ ಪಿಡಿ–ಎಲ್1 ಎಂಬ ಪ್ರೋಟೀನನ್ನು ಹೊದ್ದು ನಿಲ್ಲುತ್ತದೆ. ಟಿ ಕಣ ಮುಟ್ಟಲು ಬಂದರೆ ಅದರ ಪಿಡಿ–1 ಎಂಬ ಕೊಂಡಿಯನ್ನು ಹಿಡಿದು ಅದನ್ನು ನಿಷ್ಕ್ರಿಯ ಮಾಡುತ್ತದೆ. ಪಿಡಿ–1 ಅನ್ನು ಗುರುತಿಸಿದ ಜಪಾನಿನ ತಾಸುಕು ಹೊಂಜೊ ಅವರಿಗೆ 2018ರಲ್ಲಿ ಜೇಮ್ಸ್ ಆಲಿಸನ್ ಅವರೊಂದಿಗೆ ನೊಬೆಲ್ ಬಂತು. ಆ ಕೊಂಡಿಯನ್ನು ಬಿಡಿಸುವ ನಿವೊಲುಮ್ಯಾಬ್ ಎಂಬ ಔಷಧ 2016ರಿಂದ ಹಾಡ್ಜ್‌ಕಿನ್‌ಗೆ ಬಳಕೆಯಲ್ಲಿದೆ. “ನಿಮಗೆ ಅದು ಈಗ ಬೇಡ. ಹಳೆಯ ನಾಲ್ಕು ಔಷಧಗಳಿಗೇ ಇದು ಚೆನ್ನಾಗಿ ಬಗ್ಗುತ್ತದೆ. ಒಂದು ವೇಳೆ ಮರಳಿದರೆ ಆ ದಾರಿ ಇದೆ” ಎಂದರು. ಇಪ್ಪತ್ತು ನಿಮಿಷದ ಆ ಮಾತು ನನಗೆ ಕೊಟ್ಟ ಧೈರ್ಯವನ್ನು ಯಾವ ಗುಳಿಗೆಯೂ ಕೊಟ್ಟಿರಲಿಲ್ಲ. ಎಂಟು ತಿಂಗಳಿನಿಂದ ನಾನು ತುರಿಕೆ, ಜ್ವರ, ರಕ್ತಹೀನತೆ, ಗಂಟು ಎಂಬ ನಾಲ್ಕು ಕಾಯಿಲೆಗಳಿಗೆ ನಾಲ್ಕು ಕಡೆ ಮದ್ದು ಮಾಡಿಸಿಕೊಂಡಿದ್ದೆ. ಇದ್ದದ್ದು ಒಂದೇ.

ಚಿಕಿತ್ಸೆ ಶುರುವಾಗುವವರೆಗೆ ನೇಪ್ರೋಕ್ಸಿನ್ ಗುಳಿಗೆ ಕೊಟ್ಟರು. ಮಿದುಳಿನಲ್ಲಿ ಪ್ರೊಸ್ಟಗ್ಲಾಂಡಿನ್ ಹುಟ್ಟುವುದನ್ನು ತಡೆದು ಜ್ವರವನ್ನು ಹಿಡಿದಿಡುವ ಗುಳಿಗೆ ಅದು. ಡಂಗುರ ಹಾಗೆಯೇ ಇರುತ್ತದೆ, ಮಿದುಳಿಗೆ ಕೇಳಿಸುವುದಿಲ್ಲ ಅಷ್ಟೆ.

ಈಗ ಕಾಗದ ಪತ್ರಗಳ ವಿಷಯ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಆದರೆ ನಿಗದಿತ ದರದ ನೂರಕ್ಕೆ 30, ಅದೂ ಒಂದೂವರೆ ಲಕ್ಷದ ಮಿತಿಯೊಳಗೆ. ನಮ್ಮದು ಬಿಪಿಎಲ್. ಆದರೆ ಪಡಿತರ ಚೀಟಿಯಲ್ಲಿ ನನ್ನ ಹೆಸರಿನ ಜೊತೆ ಅಪ್ಪನ ಹೆಸರೂ ಸೇರಿತ್ತು, ಆಧಾರ್‌ನಲ್ಲಿ ಬರೀ ಅಡ್ಡಹೆಸರು. ಎರಡೂ ಒಬ್ಬನೇ ಎಂದು ಯಂತ್ರ ಒಪ್ಪಲಿಲ್ಲ. ತಿದ್ದುಪಡಿಗೆ ಒಂಬತ್ತು ದಿನ, ಮೂರು ಸಲ ತಾಲ್ಲೂಕಿಗೆ ಓಡಾಟ. ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿರುವ ಈ ಹೊತ್ತಿಗೇ ಇವೆರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರ ಹೋಲಿಸಿ ನೋಡಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಮರೆತು ಹೋದರೆ ಮತ್ತೊಂದು ಸುತ್ತು ಅಲೆಯಬೇಕಾಗುತ್ತದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಬರುವವರಿಗೆ ನೂರಕ್ಕೆ 75. ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲೇ ಪ್ರಮಾಣಪತ್ರ ಕೊಡಬೇಕು. ನನಗೆ ಇದು ತಿಳಿದದ್ದು ಮೂರು ಪ್ರಯಾಣ ಮುಗಿದ ಮೇಲೆ. ಬಯಾಪ್ಸಿಯ ಮೇಣದ ಬ್ಲಾಕ್ ಮತ್ತು ಗಾಜಿನ ಸ್ಲೈಡುಗಳನ್ನು ಮೊದಲ ಆಸ್ಪತ್ರೆಯಿಂದ ಬರೆದುಕೊಟ್ಟು ಪಡೆಯಿರಿ, ದೊಡ್ಡ ಆಸ್ಪತ್ರೆಯವರು ಮತ್ತೆ ನೋಡುತ್ತಾರೆ.

ಯೋಜನೆಯ ಹೊರಗೆ ಎಲ್ಲ ಸೇರಿ ನನ್ನ ಕೈಯಿಂದ 1,38,000 ರೂಪಾಯಿ ಹೋಯಿತು. ಅದರಲ್ಲಿ ದೊಡ್ಡ ಪಾಲು ಕಾಯಿಲೆ ಗೊತ್ತಾಗುವ ಮೊದಲಿನದೇ. ಉಳಿದದ್ದು ಪೆಟ್ ಸ್ಕ್ಯಾನ್, ಓಡಾಟ, ಬೆಂಗಳೂರಿನ ವಸತಿ. ಮಿಲ್ಲಿನ ಮಾಲೀಕರು ಅರ್ಧ ಸಂಬಳ ನಿಲ್ಲಿಸದೆ ಕೊಟ್ಟರು. ಹೆಂಡತಿಯ ಬೋರಮಾಳ ಒಂದು ಎಳೆ ಒತ್ತೆ ಹೋಗಿದೆ, ಇನ್ನೂ ಬಿಡಿಸಿಲ್ಲ.

ಸ್ಕ್ಯಾನಿನಲ್ಲಿ ಕುತ್ತಿಗೆ, ಎದೆಯ ನಡುಭಾಗ ಮತ್ತು ಗುಲ್ಮದಲ್ಲಿ ರೋಗ ಕಂಡಿತು. 3ನೇ ಹಂತ, ಬಿ. ಹೃದಯಕ್ಕೆ ಎಕೋ, ಶ್ವಾಸಕೋಶಕ್ಕೆ ಊದುವ ಪರೀಕ್ಷೆ, ಕಾಮಾಲೆ ಮತ್ತು ಎಚ್‌ಐವಿ ರಕ್ತ ಪರೀಕ್ಷೆಗಳು ಆದವು. ಮುಂದೆ ಮಕ್ಕಳು ಬೇಕೆಂದಿದ್ದರೆ ವೀರ್ಯವನ್ನು ಶೇಖರಿಸಿಡಬಹುದು ಎಂದೂ ಹೇಳಿದರು. ನಮ್ಮಂಥ ಊರಿನವರಿಗೆ ಇದು ನಾಚಿಕೆಯ ಮಾತು. ಆದರೂ ಚಿಕಿತ್ಸೆಗೆ ಮೊದಲೇ ಗಂಡ ಹೆಂಡತಿ ಕೂತು ಮಾತಾಡಿಕೊಳ್ಳಬೇಕಾದದ್ದು, ಆಮೇಲೆ ಸಮಯ ಸಿಗುವುದಿಲ್ಲ.

ಎಬಿವಿಡಿ ಎಂದು ಕರೆಯುವ ನಾಲ್ಕು ಔಷಧಗಳ ಕಿಮೋ, ಹದಿನೈದು ದಿನಕ್ಕೊಮ್ಮೆ, ಒಟ್ಟು ಹನ್ನೆರಡು ಸಲ. ಮೊದಲ ಎರಡು ಬೆಂಗಳೂರಿನಲ್ಲಿ, ಉಳಿದವು ಬಳ್ಳಾರಿಯಲ್ಲಿ. ಮೇ 6ರಂದು ಮೊದಲನೆಯದು. ಕುಂಕುಮದ ನೀರಿನ ಬಣ್ಣದ ಡಾಕ್ಸೊರುಬಿಸಿನ್ ಕೈಯ ನರದಲ್ಲಿ ಇಳಿಯುವುದನ್ನು ನೋಡಿದೆ. ಮರುದಿನ ಮೂತ್ರವೂ ಕೆಂಪಗಾಗುತ್ತದೆ, ಅದು ರಕ್ತವಲ್ಲ, ಹೆದರಬೇಡಿ. ಕೊನೆಯ ಡಕಾರ್ಬಜಿನ್ ಬಾಟಲಿಗೆ ಬೆಳಕು ತಾಗಬಾರದೆಂದು ಕಪ್ಪು ಚೀಲ ಹೊದಿಸಿದ್ದರು. ನರಸಮ್ಮ ಕೈ ಮೇಲೆ ಬಿಸಿನೀರಿನ ಚೀಲ ಇಟ್ಟು, “ಇದು ಉರಿಯುತ್ತದೆ, ತಾಳಿಕೊಳ್ಳಿ ಅಣ್ಣ” ಎಂದರು. ಐದು ತಾಸು ಹಿಡಿಯಿತು. ಅಂದು ರಾತ್ರಿ ವಾಂತಿ, ಮರುದಿನ ಮಂಕು.

ಮೇ 9ರ ರಾತ್ರಿ ನನಗೆ ಎಚ್ಚರವಾಗಲಿಲ್ಲ. ಬೆಳಗಿನ ಐದಕ್ಕೆ ಕಣ್ಣು ಬಿಟ್ಟರೆ ಹೆಂಡತಿ ಪಕ್ಕದಲ್ಲಿ ಎದ್ದು ಕುಳಿತು ದಿಂಬಿನ ಕೆಳಗೆ ಕೈ ಹಾಕಿ ನೋಡುತ್ತಿದ್ದಳು. ಒಣಗಿತ್ತು. ಬೆನ್ನು, ಚಾದರ, ಬನಿಯನ್ ಎಲ್ಲ ಒಣಗಿತ್ತು. ಕಾರಟಗಿಯ ಮೇ ತಿಂಗಳಿನಲ್ಲಿ ಅವಳ ಕೈಗಾದರೂ ಬೆವರಿತ್ತು, ನನಗೆ ಇರಲಿಲ್ಲ. ಒಂದು ವಾರದಲ್ಲಿ ತುರಿಕೆಯೂ ಹೋಯಿತು.

ಕಿಮೋ ದಿನಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದರಲ್ಲಿ ಒಂದು ಇನ್ನೊಂದರಂತೆಯೇ. ಬಾಯಿಗೆ ತುಕ್ಕು ಕಬ್ಬಿಣದ ರುಚಿ. ಜೋಳದ ನುಚ್ಚು ಮಜ್ಜಿಗೆ ಮಾತ್ರ ಸೇರುತ್ತಿತ್ತು. ವಿನ್‌ಬ್ಲಾಸ್ಟಿನ್‌ನಿಂದ ಮಲಬದ್ಧತೆ, ಬೆರಳ ತುದಿ ಜೋಮು. ಕೂದಲು ಮೂರನೆಯದರ ಹೊತ್ತಿಗೆ ಹೋಯಿತು. ನಾಲ್ಕು ಸಲ ಆದ ಮೇಲೆ ಪೆಟ್ ಸ್ಕ್ಯಾನಿನಲ್ಲಿ ರೋಗ ಆರಿತ್ತು. ಹಾಗೆ ಆರಿದವರಿಗೆ ಶ್ವಾಸಕೋಶಕ್ಕೆ ಅಪಾಯ ತರುವ ಬ್ಲಿಯೋಮೈಸಿನ್ ಬಿಟ್ಟು ಮೂರೇ ಔಷಧ ಮುಂದುವರಿಸಬಹುದು ಎಂದು ಅದನ್ನು ತೆಗೆದರು.

ಆಗಸ್ಟಿನಲ್ಲಿ ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಏಳನೆಯ ಕಿಮೋ ಆಗಿ ಹತ್ತನೆಯ ದಿನ, ಸಂಜೆ ಚಳಿ ಬಂದು ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ಏರಿತು. ಬೆವರೂ ಬಂತು. ರೋಗ ಮರಳಿತು, ಅದೇ ಡಂಗುರ ಎಂದು ನನ್ನಷ್ಟಕ್ಕೆ ನಾನು ತೀರ್ಮಾನಿಸಿ, ಮನೆಯವರಿಗೆ ಹೇಳದೆ, ಉಳಿದಿದ್ದ ನೇಪ್ರೋಕ್ಸಿನ್ ನುಂಗಿ ಮಲಗಿದೆ. ಜ್ವರವೆಂದರೆ ಸೋಂಕೇ ಆಗಬೇಕಿಲ್ಲ ಎಂದು ಅಷ್ಟು ಕಷ್ಟಪಟ್ಟು ಕಲಿತವನು ನಾನು. ಆದರೆ ಕಿಮೋ ನಡೆಯುವಾಗ ಆ ಪಾಠ ತಲೆಕೆಳಗಾಗುತ್ತದೆ. ಬಿಳಿ ರಕ್ತಕಣ ಕುಸಿದಿರುತ್ತದೆ, ಜ್ವರ ಬಂದರೆ ಅದು ಸೋಂಕೆಂದೇ ತಿಳಿದು, 100.4 ಡಿಗ್ರಿ ದಾಟಿದ ಕೂಡಲೇ, ರಾತ್ರಿ ಹನ್ನೆರಡಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಬೆಳಗಿನ ಜಾವ ಹೆಂಡತಿ ಮೈ ಮುಟ್ಟಿ ನೋಡಿ, ಅವಳ ಅಣ್ಣನನ್ನು ಕರೆಸಿ, ಕಾರಿನಲ್ಲಿ ಬಳ್ಳಾರಿಗೆ ಒಯ್ದಳು. ಸೋಂಕಿನೊಂದಿಗೆ ಹೋರಾಡುವ ನ್ಯೂಟ್ರೊಫಿಲ್ ಕಣಗಳು 300ಕ್ಕೆ ಇಳಿದಿದ್ದವು. ಇನ್ನು ಅರ್ಧ ದಿನ ತಡವಾಗಿದ್ದರೆ ಏನಾಗುತ್ತಿತ್ತು ಎಂದು ವೈದ್ಯರು ಹೇಳಿದ ಮಾತನ್ನು ಅವ್ವನಿಗೆ ನಾವು ಇಂದಿಗೂ ಹೇಳಿಲ್ಲ.

ನರದ ಮೂಲಕ ಆ್ಯಂಟಿಬಯೋಟಿಕ್ ಹಚ್ಚಿದರು. ಜೊತೆಗೆ ಐದು ದಿನ, ಹೊಟ್ಟೆಯ ಚರ್ಮಕ್ಕೆ ಒಂದು ಸಣ್ಣ ಇಂಜೆಕ್ಷನ್, ಫಿಲ್‌ಗ್ರಾಸ್ಟಿಮ್. ಬ್ಲಿಯೋಮೈಸಿನ್ ಕೊಡುತ್ತಿದ್ದಾಗ ಇದನ್ನು ಬಳಸಲು ಅವರು ಹಿಂಜರಿದಿದ್ದರು, ಎರಡೂ ಸೇರಿದರೆ ಶ್ವಾಸಕೋಶಕ್ಕೆ ತೊಂದರೆ ಹೆಚ್ಚಬಹುದೆಂದು. ಮೂರನೆಯ ದಿನ ಸೊಂಟದ ಮೂಳೆ, ಎದೆಯ ಮೂಳೆ ಒಳಗಿನಿಂದ ಬಡಿದಂತೆ ನೋಯತೊಡಗಿತು. ಇದೇನು ಔಷಧ ಎಂದು ಕೇಳಿದಾಗ ಕರ್ತವ್ಯದಲ್ಲಿದ್ದ ವೈದ್ಯೆ ಹೇಳಿದರು: “ಇದೂ ಒಂದು ಸೈಟೊಕೈನೇ. ನಿಮ್ಮ ಮೈ ತಾನೇ ಮಾಡಿಕೊಳ್ಳುವ ಪ್ರೋಟೀನು, ಕಾರ್ಖಾನೆಯಲ್ಲಿ ತಯಾರಾಗಿ ಬಂದಿದೆ. ಕಣ ಹುಟ್ಟಿಸು ಎಂದು ಮಜ್ಜೆಗೆ ಹೇಳುತ್ತದೆ. ಮಜ್ಜೆ ಕೆಲಸಕ್ಕೆ ಇಳಿದಿದೆ, ಅದಕ್ಕೇ ನೋವು.” ಆ ನೋವನ್ನು ನಾನು ಸಂತೋಷದಿಂದ ತಾಳಿದೆ. ಆರನೆಯ ದಿನ ನ್ಯೂಟ್ರೊಫಿಲ್ 4,100. ಈ ಇಂಜೆಕ್ಷನ್ ತೆಗೆದುಕೊಂಡಿದ್ದರೆ ಅದರ ತಾರೀಖುಗಳನ್ನು ಪೆಟ್ ಸ್ಕ್ಯಾನಿನವರಿಗೆ ಹೇಳಿ. ದುಡಿಯುವ ಮಜ್ಜೆ ಸ್ಕ್ಯಾನಿನಲ್ಲಿ ಹೊಳೆಯುತ್ತದೆ, ರೋಗವೆಂದು ತಪ್ಪು ತಿಳಿಯುವ ಸಂಭವವಿದೆ.

ಒಂದು ವಾರದ ವಿಳಂಬದೊಂದಿಗೆ ಹನ್ನೆರಡನೆಯದು ಅಕ್ಟೋಬರ್ 14ಕ್ಕೆ ಮುಗಿಯಿತು. ಈಗ ತೂಕ 66, ಇಎಸ್‌ಆರ್ 12, ಹಿಮೋಗ್ಲೋಬಿನ್ 12.8. ಅವ್ವ ಖರ್ಜೂರ ನಿಲ್ಲಿಸಿಲ್ಲ. ಈಗ ಅದು ಮೈಗೆ ಹತ್ತುತ್ತಿದೆ. ಜನವರಿಯಿಂದ ಮಿಲ್ಲಿಗೆ ಹೋಗುತ್ತೇನೆ, ಧೂಳಿನ ಕಡೆಯಿಂದ ಒಳಗಿನ ಕೋಣೆಗೆ ನನ್ನ ಮೇಜು ಬದಲಾಗಿದೆ. ಮುಂದಿನ ತಪಾಸಣೆ ಮಾರ್ಚಿನಲ್ಲಿ, ಆಮೇಲೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ.

ಗೊಬ್ಬರದ ಅಂಗಡಿಯವರು ಮೊನ್ನೆ 2026ರ ಕ್ಯಾಲೆಂಡರ್ ಕೊಟ್ಟರು. ಹಳೆಯದರಲ್ಲಿ ಮೇ 8ರವರೆಗೆ ಒತ್ತೊತ್ತಾಗಿ ಚುಕ್ಕೆಗಳಿವೆ, ಆಗಸ್ಟಿನಲ್ಲಿ ಒಂದು, ಆಮೇಲೆ ಹಾಳೆಗಳು ಖಾಲಿ. ಅದನ್ನು ಹೆಂಡತಿ ನನ್ನ ಫೈಲಿನಲ್ಲಿ ಮಡಿಸಿಟ್ಟಿದ್ದಾಳೆ. ಹೊಸದನ್ನು ಅದೇ ಮೊಳೆಗೆ ತೂಗುಹಾಕಿ, ಪಕ್ಕದಲ್ಲಿ ದಾರ ಕಟ್ಟಿ ಪೆನ್ನನ್ನೂ ಇಳಿಬಿಟ್ಟಿದ್ದಾಳೆ.